ಕೇಳುವವರಿದ್ದಾರೆ, ಹೇಳಬೇಕಾದವರು ನಾವು

ಅಕ್ಟೋಬರ್ ತಿಂಗಳಲ್ಲಿ ಮಿಷನ್ ಭಾನುವಾರ ಬಂತೆಂದರೆ ನಾವು ದೂರದ ಮಿಷನ್ ಪ್ರದೇಶಗಳಿಗೆಂದು ಕಾಣಿಕೆ ಕೊಡುತ್ತೇವೆ. ಆದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಪಕ್ಕದ ಮನೆಯವರು, “ನೀವು ಮಾತೆಗೆ ಹೂ ಹಾಕಿ ತೆನೆ ತರುವುದು ಯಾಕೆ?” ಎಂದು ಕೇಳಿದರೆ, “ಅದು ನಮ್ಮ ಪದ್ಧತಿ” ಎಂದು ಹೇಳಿ ಮಾತು ಬದಲಿಸುತ್ತೇವೆ. ದೂರದವರಿಗೆ ಹಣ, ಹತ್ತಿರದವರಿಗೆ ಮೌನ! ಈ ಮೌನಕ್ಕೆ ನಾವು ಕೊಡುವ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

“ಅದು ಗುರುಗಳ, ಧರ್ಮಭಗಿನಿಯರ ಕೆಲಸ.” ಮಣಿಪಾಲದಲ್ಲಿ ರೋಗಿಯ ಹಾಸಿಗೆಯ ಬಳಿ ರಾತ್ರಿ ಪಾಳಿಯಲ್ಲಿರುವವರು, ಉಡುಪಿಯ ಕಚೇರಿಗಳಲ್ಲಿ ದುಡಿಯುವವರು, ಕಾಪುವಿನ ಪೇಟೆಯಲ್ಲಿ ಅಂಗಡಿ ಇಟ್ಟವರು ಶ್ರೀಸಾಮಾನ್ಯ ವಿಶ್ವಾಸಿಗಳೇ. ಅಲ್ಲಿ ಪ್ರಶ್ನೆ ಬರುವುದು ಗುರುಗಳಿಗಲ್ಲ, ನಮಗೆ. ದೀಕ್ಷಾಸ್ನಾನ ಮತ್ತು ದೃಢೀಕರಣ ಪಡೆದ ಪ್ರತಿಯೊಬ್ಬರಿಗೂ ಈ ಹೊಣೆ ಇದೆ.

“ಮತಾಂತರ ಮಾಡುತ್ತಾರೆ ಎಂದಾರು.” ಈ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮತಾಂತರದ ಆರೋಪದ ಹೆಸರಿನಲ್ಲಿ ಕರಾವಳಿಯ ಚರ್ಚ್‌ಗಳ ಮತ್ತು ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ನಾವು ಮರೆತಿಲ್ಲ. ಆದ್ದರಿಂದಲೇ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಸಂವಿಧಾನದ 25ನೇ ವಿಧಿ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು, ಧರ್ಮವನ್ನು ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ನೀಡಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪು ನೀಡಿತು. ಧರ್ಮಸಭೆಯೂ ಬಲವಂತವನ್ನು ಒಪ್ಪುವುದಿಲ್ಲ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ವಿಶ್ವಾಸದ ವಿಷಯದಲ್ಲಿ ಒತ್ತಾಯ ಮತ್ತು ಆಮಿಷ ಎರಡನ್ನೂ ತಿರಸ್ಕರಿಸಿದೆ. ನೆರೆಯವರು ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಉತ್ತರಿಸುವುದು ಒತ್ತಾಯವೂ ಅಲ್ಲ, ಆಮಿಷವೂ ಅಲ್ಲ. ನಾವು ಸುಮ್ಮನಿದ್ದರೆ ನಮ್ಮ ವಿಶ್ವಾಸದ ಬಗ್ಗೆ ವದಂತಿಗಳೇ ಮಾತನಾಡುತ್ತವೆ.

“ತುಳು, ಕನ್ನಡದಲ್ಲಿ ಹೇಳಲು ಬರುವುದಿಲ್ಲ.” ನಮ್ಮಲ್ಲಿ ಹೆಚ್ಚಿನವರ ಪ್ರಾರ್ಥನೆ ಕೊಂಕಣಿಯಲ್ಲಿ, ನೆರೆಕರೆಯ ಮಾತು ತುಳು ಅಥವಾ ಕನ್ನಡದಲ್ಲಿ. ಮೀನಿನ ದರ, ಮದುವೆಯ ಊಟ, ರಾಜಕೀಯ ಎಲ್ಲವನ್ನೂ ತುಳುವಿನಲ್ಲಿ ಸಲೀಸಾಗಿ ಮಾತನಾಡುವ ನಮಗೆ ದೇವರ ವಿಷಯ ಬಂದಾಗ ಮಾತ್ರ ಶಬ್ದ ಸಿಗುವುದಿಲ್ಲ. ಕೊಂಕಣಿ ಮಾತೃಭಾಷೆಯ ಸಂತ ಜೋಸೆಫ್ ವಾಜ್ 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ ಸೇವೆ ಮಾಡಿದವರು. 1687ರಲ್ಲಿ ಶ್ರೀಲಂಕಾ ತಲುಪಿದ ಅವರು ಅಲ್ಲಿನ ಜನರಿಗಾಗಿ ತಮಿಳು ಮತ್ತು ಸಿಂಹಳ ಕಲಿತರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಅವರು ಹೊಸ ಭಾಷೆಗಳನ್ನೇ ಕಲಿತರು. ನಮಗಾದರೋ ಭಾಷೆ ಬರುತ್ತದೆ, ಬೇಕಾದುದು ಅಭ್ಯಾಸ ಮಾತ್ರ.

“ನಮಗೇ ಹೆಚ್ಚು ತಿಳಿದಿಲ್ಲ.” ಯೊವಾನ್ನರ ಶುಭಸಂದೇಶದ ಹುಟ್ಟುಕುರುಡನಿಗೂ ಹೆಚ್ಚು ತಿಳಿದಿರಲಿಲ್ಲ. ತಾನು ಕುರುಡನಾಗಿದ್ದೆ, ಈಗ ಕಾಣುತ್ತಿದ್ದೇನೆ ಎಂಬಷ್ಟನ್ನೇ ಅವನು ಹೇಳಿದ. ಜನವರಿಯಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ವಾರ್ಷಿಕ ಹಬ್ಬಕ್ಕೆ ಎಲ್ಲಾ ಧರ್ಮಗಳ ಜನರು ಬಂದು ಮೊಂಬತ್ತಿ ಉರಿಸುತ್ತಾರೆ. “ಈ ಸಂತರು ಯಾರು?” ಎಂದು ಅವರು ಕೇಳಿದರೆ ಮೂರು ಮಾತು ಸಾಕು: ಲಾರೆನ್ಸರು ರೋಮಿನ ಧರ್ಮಸಭೆಯಲ್ಲಿ ಬಡವರ ಸೇವೆಗೆ ನಿಂತ ಸೇವಾದರ್ಶಿ. ಸಭೆಯ ಸಂಪತ್ತನ್ನು ಒಪ್ಪಿಸು ಎಂದಾಗ ಅವರು ಬಡವರನ್ನೇ ತೋರಿಸಿದರು ಎಂಬುದು ಪರಂಪರೆ. ಕ್ರಿ.ಶ. 258ರಲ್ಲಿ ಯೇಸುಸ್ವಾಮಿಗಾಗಿ ಪ್ರಾಣ ಕೊಟ್ಟರು.

“ನಮ್ಮ ಬದುಕೇ ಸಾಕ್ಷಿ, ಮಾತು ಯಾಕೆ?” ಬದುಕು ಮೊದಲು ಎಂಬುದು ನಿಜ. ಇಗರ್ಜಿಯಲ್ಲಿ ಭಕ್ತಿ ತೋರಿಸಿ ಮನೆಕೆಲಸದವರ ಸಂಬಳ ತಡೆಹಿಡಿದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಆದರೆ ಒಳ್ಳೆಯ ಬದುಕಿನ ಹಿಂದಿನ ಕಾರಣವನ್ನು ಮಾತಿನಲ್ಲಿಯೂ ತಿಳಿಸಬೇಕೆಂದು ಆರನೇ ಪಾವ್ಲ್ ಜಗದ್ಗುರುಗಳು 1975ರ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ ತಿಳಿಸಿದ್ದಾರೆ. ಬದುಕು ಸರಿಯಿಲ್ಲವೆಂದು ಹಿಂಜರಿಯುವವರು ಸಮಾರಿಯದ ಸ್ತ್ರೀಯನ್ನು ನೆನಪಿಸಿಕೊಳ್ಳಲಿ. ಆಕೆ ಪರಿಪೂರ್ಣಳಾಗುವವರೆಗೆ ಕಾಯಲಿಲ್ಲ. ಕೊಡವನ್ನು ಬಾವಿಯ ಬಳಿಯೇ ಬಿಟ್ಟು ಊರಿಗೆ ಓಡಿದಳು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ವಾಳೆಯ ಗುರಿಕಾರರು ಮುಂದಿನ ಕೂಟದಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಡಲಿ. ‘ನಾನು ಯಾಕೆ ಪ್ರಾರ್ಥಿಸುತ್ತೇನೆ?’ ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ತುಳು ಅಥವಾ ಕನ್ನಡದಲ್ಲಿ ಮೂರು ವಾಕ್ಯ ಹೇಳಲಿ. ಕ್ರೈಸ್ತ ಶಿಕ್ಷಣದ ಮಕ್ಕಳಿಗೂ ಇದನ್ನು ಕಲಿಸೋಣ. ಕೇಳಿದವರಿಗೆ ವಿನಯದಿಂದ ಹೇಳೋಣ, ಅವರ ವಿಶ್ವಾಸದ ಬಗ್ಗೆಯೂ ಗೌರವದಿಂದ ಕೇಳಿ ತಿಳಿಯೋಣ. ಬಿತ್ತುವುದಷ್ಟೇ ನಮ್ಮ ಕೆಲಸ, ಬೆಳೆಸುವವರು ದೇವರು.