ವೈದ್ಯನೂ ವಿದ್ಯಾರ್ಥಿಯೇ

ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಅಕ್ಟೋಬರ್ 18 ವೈದ್ಯರ ಪಾಲಕರಾದ ಸಂತ ಲೂಕರ ಹಬ್ಬ. ವಾರದ ಅಂತರದಲ್ಲಿ ಬರುವ ಈ ಎರಡು ದಿನಗಳು ನಮ್ಮ ಧರ್ಮಕೇಂದ್ರದ ಓರ್ವ ತಾಯಿಯನ್ನು ನನ್ನ ನೆನಪಿಗೆ ತರುತ್ತವೆ. ಮೊದಲ ಶುಕ್ರವಾರ ಪರಮಪ್ರಸಾದವನ್ನು ಕೊಂಡೊಯ್ದಾಗ ಆಕೆ ಕೈಮುಗಿಯಲು ಯತ್ನಿಸುತ್ತಾರೆ. ಸೊಟ್ಟಗಾದ ಬೆರಳುಗಳು ಕೂಡುವುದಿಲ್ಲ. ಜಪಸರದ ಮಣಿಗಳನ್ನು ಮೊಮ್ಮಗಳು ಸರಿಸಿಕೊಡಬೇಕು.

ಆರಂಭದಲ್ಲಿ ಬೆಳಿಗ್ಗೆ ಎದ್ದಾಗ ಒಂದು ಗಂಟೆಗೂ ಮೀರಿ ಬೆರಳುಗಳು ಬಿಗಿದುಕೊಂಡಿರುತ್ತಿದ್ದವಂತೆ. ಅವರನ್ನು ನೋಡಿದ ವೈದ್ಯರು ಸಜ್ಜನರೇ. ಬಡವರಿಂದ ಹಣ ಪಡೆಯದವರು. ಆದರೆ ತಾವು ಕಾಲೇಜಿನಲ್ಲಿ ಕಲಿತಂತೆ ವರ್ಷಗಟ್ಟಲೆ ನೋವಿನ ಮಾತ್ರೆಗಳನ್ನಷ್ಟೇ ನೀಡಿದರು. ತಜ್ಞರ ಬಳಿಗೆ ಹೋಗುವ ಹೊತ್ತಿಗೆ ಕೀಲುಗಳು ಹಾಳಾಗಿದ್ದವು. ಅಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ಕಲಿಕೆ ನಿಂತುಹೋಗಿತ್ತು.

ಮೊದಲು ವಿಶ್ರಾಂತಿ ಮತ್ತು ಆಸ್ಪಿರಿನ್, ಪ್ರಬಲ ಔಷಧಿ ಕೊನೆಗೆ ಎಂಬುದೇ ಒಂದು ಕಾಲದ ಪಾಠ. ಇಂದಿನ ಅರಿವು ಅದನ್ನು ತಲೆಕೆಳಗಾಗಿಸಿದೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಮೊದಲ ತಿಂಗಳುಗಳಲ್ಲೇ ರೋಗವನ್ನು ತಡೆಯುವ ಔಷಧಿ ಆರಂಭಿಸಿದರೆ ಬಹುಮಂದಿಯ ಕೀಲುಗಳು ಉಳಿಯುತ್ತವೆ. ಇವುಗಳಲ್ಲಿ ಮುಖ್ಯವಾದ ಮೆಥೊಟ್ರೆಕ್ಸೇಟನ್ನು ಈ ರೋಗಕ್ಕೆ ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ದಿನವೂ ಸೇವಿಸಿದರೆ ಪ್ರಾಣಕ್ಕೇ ಅಪಾಯ. ಚೀಟಿಯಲ್ಲಿ ಬರೆದರೆ ಸಾಲದು, ರೋಗಿಗೆ ಬಿಡಿಸಿ ಹೇಳಬೇಕು.

ಕಾರ್ಟಿಸೋನಿನ ಕಥೆಯೂ ಇದನ್ನೇ ಬೋಧಿಸುತ್ತದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಅದನ್ನು ಸಂಧಿವಾತ ರೋಗಿಗೆ ಮೊದಲ ಬಾರಿ ನೀಡಿದಾಗ ಕಂಡ ಸುಧಾರಣೆ ಪವಾಡದಂತಿತ್ತು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ದೀರ್ಘ ಬಳಕೆ ಮೂಳೆಗಳನ್ನು ಟೊಳ್ಳಾಗಿಸುತ್ತದೆಂಬ ಕಹಿಯನ್ನೂ ವೈದ್ಯಲೋಕ ಕಲಿಯಬೇಕಾಯಿತು.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ, ವೈದ್ಯರು 5 ವರ್ಷಗಳಲ್ಲಿ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕೆಂದು ಹೇಳಿತು. ಎಂದರೆ ವರ್ಷಕ್ಕೆ 6 ಗಂಟೆ. ಹಾಜರಿಗಾಗಿ ಕುಳಿತ 6 ಗಂಟೆಗೂ, ರೋಗಿಯ ಬೆರಳುಗಳನ್ನು ನೆನೆದು ಕುಳಿತ 6 ಗಂಟೆಗೂ ಬಹಳ ಅಂತರವಿದೆ. ಕೀಲುನೋವಿನವರು ಮೊದಲು ಹೋಗುವುದು ಊರಿನ ಸಾಮಾನ್ಯ ವೈದ್ಯರ ಬಳಿಗೆ. ಆದುದರಿಂದ ಈ ಕಲಿಕೆ ತಜ್ಞರಿಗಷ್ಟೇ ಮೀಸಲಾಗಬಾರದು.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ, ಇತರರಿಂದ ಕಲಿಯುವ ವಿನಯವನ್ನೂ ಸೇರಿಸಿದ್ದಾರೆ. ಹಿರಿಯರಿಗೂ ಪಂಡಿತರಿಗೂ ಅದು ಬೇಕೆಂದಿದ್ದಾರೆ. ತಿಳಿಯದಿರುವುದು ದೋಷವಲ್ಲ, ತಿಳಿಯಬೇಕಾದುದನ್ನು ತಿಳಿಯಲೊಲ್ಲದಿರುವುದು ದೋಷ. ಗುರುಮಠದ ಹಳೆಯ ಟಿಪ್ಪಣಿಗಳಿಂದಲೇ ಇಂದಿಗೂ ಪ್ರಬೋಧನೆ ನೀಡುವ ನಮ್ಮಂಥ ಗುರುಗಳಿಗೂ ಈ ಮಾತು ಸಲ್ಲುತ್ತದೆ.

ಪ್ರಿಯ ವಾಚಕರೇ, ಕೀಲುಗಳು ಊದಿಕೊಂಡು ಬೆಳಗಿನ ಬಿಗಿತ ವಾರಗಟ್ಟಲೆ ಉಳಿದರೆ, ವಯಸ್ಸಿನ ದೋಷವೆಂದು ಸುಮ್ಮನಿರಬೇಡಿ. ನಿಮ್ಮ ವೈದ್ಯರು ಮತ್ತೊಬ್ಬರ ಬಳಿಗೆ ಕಳುಹಿಸಿದರೆ ಅವರನ್ನು ಅಸಮರ್ಥರೆಂದು ಭಾವಿಸಬೇಡಿ. ಅದು ಅವರ ಪ್ರಾಮಾಣಿಕತೆ. ಆ ತಾಯಿ ತಮ್ಮ ಹಳೆಯ ವೈದ್ಯರ ಮೇಲೆ ಮುನಿದಿಲ್ಲ. ಪ್ರತಿದಿನ ಅವರ ಹೆಸರೆತ್ತಿ ಪ್ರಾರ್ಥಿಸುತ್ತಾರೆ. ಈ ಹಬ್ಬದಂದು ನಾವೂ ನಮ್ಮ ವೈದ್ಯರಿಗಾಗಿ ಒಂದು ವರವನ್ನು ಬೇಡೋಣ: ಕೊನೆಯವರೆಗೂ ಕಲಿಯುವ ಮನಸ್ಸು.