ಟೆಸ್ಟ್ ಪಾಸ್ ಆಯ್ತು, ಪ್ರೋಗ್ರಾಂ ಸರಿಯಿದೆಯಾ?

‘ತಪ್ಪು ಹುಡುಕೋಕೂ ಸಂಬಳ ಕೊಡ್ತಾರಾ?’ ನಾನು ಸಾಫ್ಟ್‌ವೇರ್ ಟೆಸ್ಟರ್ ಎಂದ ಕೂಡಲೇ ಊರಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಹೌದು, ಕೊಡುತ್ತಾರೆ. ಬೇರೆಯವರು ಬರೆದ ಪ್ರೋಗ್ರಾಂ ಅನ್ನು ಹತ್ತಾರು ರೀತಿಯಲ್ಲಿ ಓಡಿಸಿ ನೋಡಿ, ಕೊನೆಗೆ ‘ಪಾಸ್’ ಎಂದು ಬರೆಯುವುದು ನನ್ನ ಕೆಲಸ. ಆದರೆ ಒಂದು ಜಾತಿಯ ಪ್ರೋಗ್ರಾಂಗಳ ಮುಂದೆ ‘ಪಾಸ್’ ಎಂದು ಬರೆಯುವಾಗ ನನ್ನ ಕೈ ತುಸು ತಡೆಯುತ್ತದೆ. ಒಂದೇ ಹೊತ್ತಿಗೆ ಹಲವು ಕೆಲಸ ನಡೆಸುವ ಕನ್‌ಕರೆಂಟ್ ಪ್ರೋಗ್ರಾಂಗಳು ಅವು.

ಸರಳ ಉದಾಹರಣೆ ನೋಡಿ. ಅಮ್ಮ, ಮಗಳ ಜಂಟಿ ಖಾತೆಯಲ್ಲಿ 5,000 ರೂಪಾಯಿ ಇದೆ. ಊರಿನ ಎಟಿಎಂನಲ್ಲಿ ಅಮ್ಮ 3,000 ಕೇಳುತ್ತಾರೆ. ಅದೇ ಕ್ಷಣಕ್ಕೆ ಬೆಂಗಳೂರಿನಲ್ಲಿ ಮಗಳು ಫೋನಿನಿಂದ 4,000 ಕಳಿಸುತ್ತಾಳೆ. ಎರಡೂ ಕಡೆಯ ಪ್ರೋಗ್ರಾಂ ಖಾತೆ ನೋಡುತ್ತದೆ: 5,000 ಇದೆ, ಸಾಕು. ಒಂದು ‘ಉಳಿದದ್ದು 2,000’ ಎಂದು ಬರೆಯುತ್ತದೆ. ಇನ್ನೊಂದು ಅದರ ಮೇಲೆಯೇ ‘ಉಳಿದದ್ದು 1,000’ ಎಂದು ಬರೆಯುತ್ತದೆ. ಹೋದದ್ದು 7,000, ಆದರೂ ಖಾತೆಯಲ್ಲಿ 1,000 ಉಳಿದಿದೆ! ಎರಡೂ ಪ್ರೋಗ್ರಾಂ ತಮ್ಮ ಮಟ್ಟಿಗೆ ಸರಿಯೇ. ತಪ್ಪಿರುವುದು ಅವು ನಡೆದ ಕ್ರಮದಲ್ಲಿ. ಇದಕ್ಕೆ ‘ರೇಸ್ ಕಂಡಿಷನ್’ ಎನ್ನುತ್ತಾರೆ. ಬ್ಯಾಂಕುಗಳು ಇದಕ್ಕೆ ಮೊದಲೇ ಕಾವಲು ಹಾಕಿರುತ್ತವೆ. ಎಲ್ಲ ಕಡೆ ಆ ಕಾವಲು ಇರುವುದಿಲ್ಲ ಎಂಬುದೇ ತೊಂದರೆ.

ಅದಿಲ್ಲದೆ ಜೀವಗಳೇ ಹೋಗಿವೆ. ಕೆನಡಾದಲ್ಲಿ ತಯಾರಾದ ‘ಥೆರಾಕ್-25’ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಸುರಿಯಿತು. 1986ರಲ್ಲಿ ಟೆಕ್ಸಾಸ್‌ನ ಟೈಲರ್ ಎಂಬ ಊರಿನ ಆಸ್ಪತ್ರೆಯೊಂದರಲ್ಲೇ ಹೀಗೆ ಎರಡು ಸಲ ಆಯಿತು. ಆಪರೇಟರ್ ಕೈ ಚುರುಕು. ಎಲೆಕ್ಟ್ರಾನ್ ಚಿಕಿತ್ಸೆ ಎಂದು ಒತ್ತುವ ಬದಲು ಎಕ್ಸ್-ರೇ ಎಂದು ಒತ್ತಿ, ತಕ್ಷಣ ಹಿಂದೆ ಹೋಗಿ ತಿದ್ದಿದರು. ಪರದೆಯ ಮೇಲೆ ತಿದ್ದುಪಡಿ ಕಾಣಿಸಿತು. ಆದರೆ ಯಂತ್ರದೊಳಗಿನ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕಿತ್ತು. ಅಷ್ಟರೊಳಗೆ ಮುಗಿದ ತಿದ್ದುಪಡಿ ಆ ಕೆಲಸ ನೋಡಿಕೊಳ್ಳುತ್ತಿದ್ದ ಭಾಗಕ್ಕೆ ತಿಳಿಯಲೇ ಇಲ್ಲ. ಪರದೆ ತೋರಿಸಿದ್ದು ‘ಮಾಲ್‌ಫಂಕ್ಷನ್ 54’ ಎಂದಷ್ಟೇ. ಆ ಇಬ್ಬರೂ ರೋಗಿಗಳು ಕೆಲವೇ ತಿಂಗಳಲ್ಲಿ ತೀರಿಕೊಂಡರು. ಹಳೆಯ ಮಾದರಿಯಲ್ಲಿ ಇಂಥ ಎಡವಟ್ಟನ್ನು ತಡೆಯುವ ಪ್ರತ್ಯೇಕ ಯಾಂತ್ರಿಕ ವ್ಯವಸ್ಥೆ ಇತ್ತು. ಹೊಸದರಲ್ಲಿ ಅದನ್ನು ತೆಗೆದು ಸಾಫ್ಟ್‌ವೇರನ್ನೇ ನಂಬಿದ್ದರು.

ಈ ಘಟನೆಯಲ್ಲಿ ನನ್ನನ್ನು ಕಾಡುವುದು ವೇಗದ ವಿಷಯ. ನಿಧಾನವಾಗಿ ಟೈಪ್ ಮಾಡಿ ಪರೀಕ್ಷಿಸಿದರೆ ಯಂತ್ರ ಪ್ರತಿಸಲವೂ ಪಾಸ್! ಆಸ್ಪತ್ರೆಯ ಭೌತವಿಜ್ಞಾನಿ ಆ ಆಪರೇಟರ್ ಜೊತೆ ಕುಳಿತು, ಅದೇ ವೇಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದ ಮೇಲೆಯೇ ದೋಷ ಸಿಕ್ಕಿದ್ದು.

ಹಾಗಾದರೆ ಎಲ್ಲ ಕ್ರಮಗಳನ್ನೂ ಪರೀಕ್ಷಿಸಿಬಿಡೋಣ ಎನ್ನುತ್ತೀರಾ? ಲೆಕ್ಕ ಹಾಕಿ. ಹತ್ತು ಹತ್ತು ಹೆಜ್ಜೆಗಳ ಎರಡು ಕೆಲಸಗಳು ಒಟ್ಟಿಗೆ ನಡೆದರೆ, ಅವು ಬೆರೆಯಬಹುದಾದ ಕ್ರಮಗಳು 1,84,756. ಇಂಥದ್ದೇ ಮೂರನೆಯ ಕೆಲಸ ಸೇರಿದರೆ ಐದೂವರೆ ಲಕ್ಷ ಕೋಟಿ ದಾಟುತ್ತದೆ. ನನ್ನ ಆಯಸ್ಸು ಸಾಲದು!

ಆದ್ದರಿಂದಲೇ ಈ ಕ್ಷೇತ್ರದ ಹಿರಿಯರು ಓಡಿಸಿ ನೋಡುವುದಕ್ಕಿಂತ ಮೊದಲು ಯೋಚಿಸಿ ಕಟ್ಟುವ ದಾರಿ ಹಿಡಿದರು. ಡೈಕ್‌ಸ್ಟ್ರಾ 1965ರಲ್ಲೇ, ಒಂದು ಕೆಲಸ ಖಾತೆಯನ್ನು ಮುಟ್ಟುತ್ತಿರುವಾಗ ಇನ್ನೊಂದು ಹೊರಗೆ ಕಾಯುವಂತೆ ಮಾಡುವುದು ಹೇಗೆ ಎಂದು ತೋರಿಸಿದರು. ಆದರೆ ಕಾಯಿಸುವುದರಲ್ಲೂ ಅಪಾಯವಿದೆ. ಕಿರಿದಾದ ಸೇತುವೆಗೆ ಎರಡೂ ಕಡೆಯಿಂದ ಬಸ್ಸು ನುಗ್ಗಿದರೆ ಏನಾಗುತ್ತದೆ? ಹಿಂದೆ ಸರಿಯುವವರಿಲ್ಲ, ಮುಂದೆ ದಾರಿಯಿಲ್ಲ. ಪರೀಕ್ಷೆಗೆಂದು ನಾವು ಬಾಯಿಪಾಠ ಮಾಡುವ ‘ಡೆಡ್‌ಲಾಕ್’ ಇದೇ.

ನನಗೆ ತುಂಬಾ ಇಷ್ಟವಾದದ್ದು ಲೆಸ್ಲಿ ಲ್ಯಾಂಪೋರ್ಟ್ 1974ರಲ್ಲಿ ಪ್ರಕಟಿಸಿದ ‘ಬೇಕರಿ ಅಲ್ಗಾರಿದಂ’. ಅಂಗಡಿಯಲ್ಲಿ ಟೋಕನ್ ಹಿಡಿದು ಕಾಯುವಂತೆಯೇ ಇದು. ಆದರೆ ಟೋಕನ್ ಹಂಚುವವರು ಯಾರೂ ಇಲ್ಲ. ಪ್ರತಿಯೊಬ್ಬರೂ ಉಳಿದವರ ಸಂಖ್ಯೆ ನೋಡಿ, ಅದಕ್ಕಿಂತ ದೊಡ್ಡದನ್ನು ತಾವೇ ಇಟ್ಟುಕೊಳ್ಳುತ್ತಾರೆ. ಇಬ್ಬರಿಗೆ ಒಂದೇ ಸಂಖ್ಯೆ ಬಂದರೆ? ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಯಾರು ಮುಂದಿದ್ದಾರೋ ಅವರಿಗೆ ಸರದಿ. ಜಗಳವೇ ಇಲ್ಲ.

1978ರಲ್ಲಿ ಅವರು ಇನ್ನೂ ದೊಡ್ಡ ಪ್ರಶ್ನೆ ಎತ್ತಿಕೊಂಡರು. ಮೈಸೂರಿನಲ್ಲೊಂದು, ಮುಂಬೈನಲ್ಲೊಂದು ಕಂಪ್ಯೂಟರ್ ಇದ್ದರೆ ಎರಡರ ಗಡಿಯಾರ ಕರಾರುವಾಕ್ಕಾಗಿ ಹೊಂದುವುದಿಲ್ಲ. ಹಾಗಿರುವಾಗ ಯಾವುದು ಮೊದಲು ನಡೆಯಿತು ಎಂದು ಹೇಳುವುದು ಹೇಗೆ? ಅವರ ಉತ್ತರ: ಗಂಟೆ ನೋಡಬೇಡಿ, ಸಂದೇಶ ನೋಡಿ. ಕಳಿಸಿದ್ದು ಯಾವಾಗಲೂ ತಲುಪಿದ್ದಕ್ಕಿಂತ ಮೊದಲು. ಪ್ರತಿ ಯಂತ್ರವೂ ಒಂದು ಎಣಿಕೆ ಇಟ್ಟುಕೊಂಡು, ಬಂದ ಸಂದೇಶದಲ್ಲಿರುವ ಎಣಿಕೆಗಿಂತ ತನ್ನದನ್ನು ಮುಂದೆ ಇಟ್ಟುಕೊಂಡರೆ, ಯಾವ ಪರಿಣಾಮವೂ ತನ್ನ ಕಾರಣಕ್ಕಿಂತ ಮೊದಲು ಬಂದಂತೆ ದಾಖಲಾಗುವುದಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ‘ಲೇಟೆಕ್’ ಬಳಸಿದವರು ಈಗಾಗಲೇ ಇವರಿಗೆ ಋಣಿಗಳು. ಅದೂ ಇವರದೇ ಕೊಡುಗೆ. 2013ರ ಟ್ಯೂರಿಂಗ್ ಪ್ರಶಸ್ತಿ ಇವರಿಗೆ ಸಂದಿತು.

ಅವರು ರೂಪಿಸಿದ ‘ಟಿಎಲ್‌ಎ ಪ್ಲಸ್’ ಎಂಬ ಭಾಷೆಯಲ್ಲಿ ಮೊದಲು ವಿನ್ಯಾಸವನ್ನು ಗಣಿತದಂತೆ ಬರೆಯಬೇಕು. ಏನೇ ಆದರೂ ಮುರಿಯಬಾರದ ನಿಯಮವನ್ನೂ ಬರೆಯಬೇಕು, ಉದಾಹರಣೆಗೆ ‘ಇದ್ದದ್ದಕ್ಕಿಂತ ಹೆಚ್ಚು ಹಣ ಹೋಗಬಾರದು’. ಆಮೇಲೆ ವಿನ್ಯಾಸದ ಸಣ್ಣ ಮಾದರಿಯೊಂದನ್ನು ತೆಗೆದುಕೊಂಡು, ಅದರಲ್ಲಿ ಸಾಧ್ಯವಿರುವ ಎಲ್ಲ ಸ್ಥಿತಿಗಳನ್ನೂ ಕಂಪ್ಯೂಟರೇ ಜಾಲಾಡುತ್ತದೆ. ಅಮೆಜಾನ್ ಎಂಜಿನಿಯರ್‌ಗಳು ತಮ್ಮ ಡೈನಮೋಡಿಬಿ ವಿನ್ಯಾಸದಲ್ಲಿ ಹೀಗೆ ಹುಡುಕಿದ ಒಂದು ದೋಷ ಹೊರಬೀಳಲು 35 ಹೆಜ್ಜೆಗಳು ಒಂದು ನಿರ್ದಿಷ್ಟ ಕ್ರಮದಲ್ಲೇ ನಡೆಯಬೇಕಿತ್ತು. ನನ್ನಂಥ ಟೆಸ್ಟರ್ ಕೈಗೆ ಅದು ಸಿಗುವುದುಂಟೇ?

ಹಾಗೆಂದು ನನ್ನ ಕೆಲಸ ವ್ಯರ್ಥವೇನಲ್ಲ. ವಿನ್ಯಾಸ ಸರಿಯಿದ್ದರೂ ಕೋಡ್ ಬರೆಯುವಾಗ ಎಡವುವುದಿದೆ. ಅದನ್ನು ಹಿಡಿಯಲು ಟೆಸ್ಟಿಂಗ್ ಬೇಕೇ ಬೇಕು. ಆದರೆ ನನ್ನ ‘ಪಾಸ್’ ಹೇಳುವುದು ‘ನಾನು ನೋಡಿದ ಕ್ರಮಗಳಲ್ಲಿ ತಪ್ಪು ಕಾಣಲಿಲ್ಲ’ ಎಂದಷ್ಟೇ. ಅದಕ್ಕಾಗಿ ಈಗ ಹೊಸ ಪ್ರೋಗ್ರಾಂ ಕೈಗೆ ಬಂದಾಗ ಬರೆದವರನ್ನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ: ಇದರಲ್ಲಿ ಎಂದಿಗೂ ಆಗಬಾರದ್ದು ಯಾವುದು? ಹೆಜ್ಜೆಗಳು ಯಾವ ಕ್ರಮದಲ್ಲಿ ನಡೆದರೂ ಅದು ಆಗುವುದಿಲ್ಲ ಎಂದು ಹೇಗೆ ಹೇಳುತ್ತೀರಿ?

ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗುತ್ತಿರುವ ಗೆಳೆಯ, ಗೆಳತಿಯರೇ, ಡೆಡ್‌ಲಾಕ್‌ನ ನಾಲ್ಕು ಷರತ್ತು ಬಾಯಿಗೆ ಬಂದರೆ ಒಳ್ಳೆಯದೇ. ಅದರ ಜೊತೆಗೆ, ಕೀಬೋರ್ಡ್ ಮುಟ್ಟುವ ಮೊದಲು ಒಂದು ಹಾಳೆಯ ಮೇಲೆ ಈ ಎರಡು ಪ್ರಶ್ನೆಗೆ ಉತ್ತರ ಬರೆದು ನೋಡಿ. ನಾಳೆ ನಿಮ್ಮ ಪ್ರೋಗ್ರಾಂ ಯಾವುದೋ ಆಸ್ಪತ್ರೆಯಲ್ಲಿ ಓಡುತ್ತಿರಬಹುದು.