ಒಸಡಿನ ಅಡಿಯಲ್ಲಿರುವ ಗಾರೆಯನ್ನು ಕಂಡುಹಿಡಿಯುವುದು ಹೇಗೆ?



ಅಡಕೆ ಮರದ ಸೋಗೆ ಹಳದಿಯಾದರೆ ನೀವು ಸೋಗೆಯನ್ನು ಮಾತ್ರ ನೋಡಿ ಸುಮ್ಮನಿರುವುದಿಲ್ಲ. ಬುಡ ಬಿಡಿಸಿ, ಬೇರುಹುಳ ಉಂಟೋ ಎಂದು ಪರೀಕ್ಷಿಸುತ್ತೀರಿ. ಹಲ್ಲಿನ ವಿಷಯದಲ್ಲಿಯೂ ಇದೇ ಕ್ರಮ ಬೇಕು. ಹಲ್ಲು ಅಲುಗಾಡಿ ಬೀಳುವುದು ಪ್ರಾಯದ ದೋಷವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬಹಳ ಸಂದರ್ಭಗಳಲ್ಲಿ ಅದಕ್ಕೆ ಕಾರಣ ಪ್ರಾಯವಲ್ಲ, ಒಸಡಿನ ರೋಗ.

ಗಾರೆ ಎಂದರೇನು?

ಹಲ್ಲಿನ ಮೇಲೆ ದಿನವೂ ಸೂಕ್ಷ್ಮಜೀವಿಗಳ ಮೆತ್ತನೆಯ ಪಾಚಿ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ, ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಒಸಡಿನ ಮೇಲಿನ ಗಾರೆ ಬಿಳಿ ಅಥವಾ ಹಳದಿ, ಕಣ್ಣಿಗೆ ಕಾಣುತ್ತದೆ. ಒಸಡಿನ ಅಡಿಯದು ಕಂದು ಅಥವಾ ಕಪ್ಪು. ಹೆಚ್ಚು ಗಟ್ಟಿ, ಹಲ್ಲಿನ ಬೇರಿಗೆ ಬಿಗಿಯಾಗಿ ಅಂಟಿರುತ್ತದೆ. ಅದರ ಒರಟು ಮೈಮೇಲೆ ಹೊಸ ಪಾಚಿ ನಿಲ್ಲುತ್ತದೆ. ಒಸಡು ಊದಿ ಹಲ್ಲಿನಿಂದ ಬಿಡುತ್ತದೆ. ಕ್ರಮೇಣ ಹಲ್ಲನ್ನು ಹಿಡಿದಿರುವ ಎಲುಬು ಸವೆಯುತ್ತದೆ.

ವೈದ್ಯರು ಪತ್ತೆಮಾಡುವ ವಿಧಾನಗಳು

1. ಗಾಳಿ: ಹಲ್ಲನ್ನು ಒಣಗಿಸಿ ಒಸಡಿನ ಅಂಚಿಗೆ ಮೆಲ್ಲನೆ ಗಾಳಿ ಊದಿದರೆ ಅಂಚು ಸ್ವಲ್ಪ ತೆರೆದು, ಒಳಗಿನ ಕಪ್ಪು ಗಾರೆ ಕಾಣಬಹುದು.

2. ಅಳತೆಯ ಕಡ್ಡಿ: ಮಿಲಿಮೀಟರ್ ಗುರುತುಗಳಿರುವ ಸಪೂರ ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ಸಂದಿಗೆ ಇಳಿಸುತ್ತಾರೆ. ಒಂದೊಂದು ಹಲ್ಲಿಗೆ ಸುತ್ತಲೂ 6 ಕಡೆ ಅಳೆಯುವುದು ಪೂರ್ಣ ಕ್ರಮ. ಆರೋಗ್ಯದ ಒಸಡಿನಲ್ಲಿ ಆಳ 1ರಿಂದ 3 ಮಿಲಿಮೀಟರ್. ಅದಕ್ಕಿಂತ ಹೆಚ್ಚಾದರೆ ಸಂಶಯಪಡಬೇಕು.

3. ತಡಕುವ ಕಡ್ಡಿ: ತುದಿ ಬಾಗಿದ ಈ ತೆಳ್ಳನೆಯ ಉಪಕರಣವನ್ನು ಹಗುರಾಗಿ ಹಿಡಿದು ಬೇರಿನ ಮೇಲೆ ಆಡಿಸುತ್ತಾರೆ. ನುಣುಪಾದ ಬೇರಿನ ಮೇಲೆ ಅದು ಜಾರುತ್ತದೆ. ಗಾರೆಯಿದ್ದಲ್ಲಿ ತಡೆಯುತ್ತದೆ, ಗರಗರ ಎನ್ನುತ್ತದೆ. ಮುಖ್ಯ ಪರೀಕ್ಷೆ ಇದೇ. ಇಲ್ಲಿ ಕಣ್ಣಿಗಿಂತ ಬೆರಳೇ ಮೇಲು.

4. ಎಕ್ಸ್‌ರೇ: ಹಲ್ಲುಗಳ ನಡುವಿನ ದಪ್ಪ ಗಾರೆ ಮತ್ತು ಎಲುಬಿನ ಸವೆತ ತೋರುತ್ತದೆ. ತೆಳುವಾದದ್ದು ತಪ್ಪಿಹೋಗುತ್ತದೆ. ಆದುದರಿಂದ ಚಿತ್ರದಲ್ಲಿ ಕಾಣದಿದ್ದರೆ ಗಾರೆ ಇಲ್ಲವೆಂದು ಅರ್ಥವಲ್ಲ.

ಒಸಡಿನೊಳಗೆ ಇಣುಕುವ ಸಣ್ಣ ದುರ್ಬೀನು, ಲೇಸರ್ ಬೆಳಕಿನ ಉಪಕರಣಗಳೂ ಈಗ ಬಂದಿವೆ. ಆದರೆ ಎಲ್ಲ ಕಡೆಯೂ ದೊರೆಯುವುದಿಲ್ಲ. ನುರಿತ ಕೈಗೂ ಸ್ವಲ್ಪ ಗಾರೆ ತಪ್ಪಬಹುದು. ಆದಕಾರಣ ಶುಚಿ ಮಾಡಿದ ಮೇಲೆ ಕೆಲವು ವಾರ ಬಿಟ್ಟು ಪುನಃ ತೋರಿಸಬೇಕು.

ಮನೆಯಲ್ಲಿ ಗಮನಿಸತಕ್ಕದ್ದು

ಹಲ್ಲುಜ್ಜುವಾಗ ರಕ್ತ, ಬಾಯಿವಾಸನೆ, ಊದಿದ ಒಸಡು, ಹಲ್ಲು ಉದ್ದವಾದಂತೆ ಕಾಣುವುದು - ಇವು ಸೂಚನೆಗಳು. ಬೀಡಿ ಸೇದುವವರಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರಬಹುದು, ಮೋಸಹೋಗಬಾರದು. ವೀಳ್ಯದ ಕೆಂಪು ಕಲೆಯೇ ಬೇರೆ, ಗಾರೆಯೇ ಬೇರೆ. ಪಿನ್ನು, ಚೂರಿಗಳಿಂದ ಕೆರೆಯುವುದು ಸರ್ವಥಾ ಕೂಡದು. ಸಕ್ಕರೆ ಕಾಯಿಲೆಯವರು ವಿಶೇಷ ಜಾಗ್ರತೆ ವಹಿಸಬೇಕು.

'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ' ಎಂಬ ಮಾತುಂಟು. ಗಾರೆ ತುಂಬಿದ್ದ ಜಾಗ ಬರಿದಾಗಿ ಸಂದಿ ಕಾಣುತ್ತದೆ, ಅಷ್ಟೇ. ಸಡಿಲ ಮಾಡಿದ್ದು ರೋಗವೇ ಹೊರತು ಚಿಕಿತ್ಸೆಯಲ್ಲ.

ಮಣಿಪಾಲದಲ್ಲಿ 1965ರಲ್ಲಿ, ದೇರಳಕಟ್ಟೆಯಲ್ಲಿ 1985ರಲ್ಲಿ, ಮಂಗಳೂರಿನಲ್ಲಿ 1987ರಲ್ಲಿ ದಂತ ವೈದ್ಯಕೀಯ ಕಾಲೇಜುಗಳು ಆರಂಭವಾದುವು. ನಮಗೆ ಇವು ದೂರವಲ್ಲ. ನೋವು ಬರುವ ತನಕ ಕಾಯಬೇಡಿ. ಈ ರೋಗ ಬಹುಕಾಲ ನೋಯದೆಯೇ ಬೆಳೆಯುತ್ತದೆ. ಹೋದಾಗ, 'ಒಸಡಿನ ಸುತ್ತ ಕಡ್ಡಿ ಹಾಕಿ ಅಳೆದು ನೋಡಿ ಡಾಕ್ಟ್ರೇ' ಎಂದು ಸಂಕೋಚವಿಲ್ಲದೆ ಕೇಳಿರಿ.